ವಿಠ್ಠಲನಿಗೆ ಬೈದದ್ದು ಹೌದು, ಮುಂದೆ?

"ದೇವರಿಗೇ ಬೈತೀರಂತಲ್ಲ ವೈನಿ, ಹೆದರಿಕೆ ಆಗಲ್ವಾ?" ಅರಿಶಿನ ಕುಂಕುಮಕ್ಕೆ ಹೋದರೂ ಇದೇ ಪ್ರಶ್ನೆ, ತರಕಾರಿ ತರಲು ಹೋದರೂ ಇದೇ. ಹೇಳಿ ಹೇಳಿ ಬಾಯಿ ನೋವು ಬಂತು, ಅದಕ್ಕೇ ಬರೆಯುತ್ತಿದ್ದೇನೆ. ಹೌದು, ಬೈದೆ. ಇಲ್ಲ, ಹೆದರಿಕೆ ಆಗಲಿಲ್ಲ.

ಗೊತ್ತಿಲ್ಲದವರಿಗೆ ವಿಷಯ ಇಷ್ಟು. ನಮ್ಮ ಮನೆಯವರು ಪುಣೆಯ ಒಂದು ಗೋದಾಮಿನಲ್ಲಿ ಲೆಕ್ಕ ಬರೆಯುತ್ತಿದ್ದರು. ಮಾಲು ಕಡಿಮೆ ಬಂತು. ಕೀಲಿ ಮೂವರ ಹತ್ತಿರ ಇತ್ತು, ಕಳ್ಳ ಅನ್ನಿಸಿಕೊಂಡವರು ಇವರೊಬ್ಬರೇ. ಕೆಲಸ ಹೋಯಿತು, ಬರಬೇಕಾದ ದುಡ್ಡೂ ನಿಂತಿತು. ಕೋರ್ಟಿನಲ್ಲಿ ತಾರೀಖಿನ ಮೇಲೆ ತಾರೀಖು.

ಪಂಢರಪುರದ ವಾರಿ, ಅಂದರೆ ವಿಠ್ಠಲನ ಕಾಲ್ನಡಿಗೆ ಯಾತ್ರೆ, ಹೊರಟಾಗ ಸಂತ ತುಕಾರಾಮರ ಪಲ್ಲಕ್ಕಿ ದೇಹುವಿನಿಂದ ಬಂದು ಪುಣೆಯ ನಾನಾ ಪೇಠದ ನಿವಡುಂಗ್ಯಾ ವಿಠೋಬಾ ಗುಡಿಯಲ್ಲಿ ಇಳಿಯುತ್ತದೆ. ಆ ಗದ್ದಲ ಎಲ್ಲ ಮುಗಿದ ಮೇಲೆ ಒಂದು ದಿನ ಅಲ್ಲಿಗೆ ಹೋದೆ. ಎದುರು ನಿಂತು ಜೋರಾಗಿಯೇ ಕೇಳಿದೆ. ಕನ್ನಡದಲ್ಲಿ ಬೈದರೆ ಇಲ್ಲಿ ಯಾರಿಗೆ ತಿಳಿಯುತ್ತೆ ಅನ್ನುವ ಧೈರ್ಯ. ವಿಠ್ಠಲನಿಗೆ ತಿಳಿಯುತ್ತೆ ಬಿಡಿ, ಮರಾಠಿ ಸಂತ ಜ್ಞಾನೇಶ್ವರರೇ ಅವನನ್ನು ಕನ್ನಡದವನು ಅಂತ ಹಾಡಿದ್ದಾರೆ. ಆದರೆ ನನ್ನ ಹಿಂದೆ ಕಲಬುರಗಿ ಕಡೆಯ ಹೆಂಗಸೊಬ್ಬಳು ನಿಂತಿದ್ದಳು! ಸಂಜೆಯೊಳಗೆ ನಮ್ಮ ಕನ್ನಡದವರಿಗೆಲ್ಲ ಸುದ್ದಿ.

ಪ್ರಶ್ನೆಗಿಂತ ಅದರ ಬಾಲಕ್ಕೆ ಸಿಟ್ಟು ಬರುತ್ತದೆ. "ಹಿಂದಿನ ಜನ್ಮದ್ದು ಏನಾದರೂ ಇರಬೇಕು ನೋಡ್ರಿ." ಗೋದಾಮಿನ ಮಾಲಿಗೂ ಹಿಂದಿನ ಜನ್ಮಕ್ಕೂ ಏನು ಸಂಬಂಧ? ಕೆಳಗಿನ ಮನೆಯ ಕ್ರಿಶ್ಚಿಯನ್ ಆಂಟಿ ಬೈಬಲ್ಲಿನ ಯೋಬನ ಕಥೆ ಹೇಳಿದರು. ತಪ್ಪು ಮಾಡದವನ ಮಕ್ಕಳು ಸತ್ತರು, ಆಸ್ತಿ ಹೋಯಿತು, ಮೈತುಂಬ ಹುಣ್ಣು. ಗೆಳೆಯರು ಬಂದು 7 ದಿನ ಸುಮ್ನೆ ಪಕ್ಕದಲ್ಲಿ ಕೂತರು. ಅಷ್ಟಕ್ಕೇ ಎದ್ದು ಹೋಗಿದ್ದರೆ ಚೆನ್ನಾಗಿತ್ತು. ಆಮೇಲೆ ಬಾಯಿ ಬಿಟ್ಟರು, ನೀನೇ ಏನೋ ಪಾಪ ಮಾಡಿದ್ದೀಯ ಅಂತ. ಯೋಬ ದೇವರನ್ನೇ ನ್ಯಾಯಕ್ಕೆ ಕರೆದ. ದೇವರು ಅವನನ್ನೂ ಗದರಿಸಿದ, ಇಲ್ಲ ಅನ್ನಲ್ಲ. ಆದರೆ ಕೊನೆಗೆ ಸಿಟ್ಟಾದದ್ದು ಗೆಳೆಯರ ಮೇಲೆ. ನೀವು ನನ್ನ ವಿಷಯ ಸರಿಯಾಗಿ ಮಾತಾಡಲಿಲ್ಲ, ಯೋಬ ಮಾತಾಡಿದ ಅಂದ. ಕುಂಕುಮಕ್ಕೆ ಬರುವವರು ಇದನ್ನು ಸ್ವಲ್ಪ ಗಮನಿಸಬೇಕು.

ಇಲ್ಲಿಯವರ ಕಥೆಯೇ ಬೇಕಾ? ಮಕ್ಕಳು ಹಸಿದಾಗ ತುಕಾರಾಮರ ಹೆಂಡತಿ ಆವಲಿ ವಿಠೋಬನಿಗೆ ಬೈಯುತ್ತಿದ್ದಳು ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ, ಹೇಳಿ ನಗುತ್ತಾರೆ. ಪಕ್ಕದ ಮನೆಯವಳು ಬೈದರೆ ಮಾತ್ರ ಪಾಪ. 14ನೇ ಶತಮಾನದ ಸಂತ ಚೋಖಾಮೇಳನನ್ನು ಮಹಾರ ಜಾತಿಯವನು ಅಂತ ಪಂಢರಪುರದ ಗುಡಿಯೊಳಗೆ ಬಿಡಲಿಲ್ಲ. ಅವನು ಆ ಸಂಕಟವನ್ನು ಅಭಂಗ, ಅಂದರೆ ಭಕ್ತಿ ಹಾಡು, ಮಾಡಿ ವಿಠ್ಠಲನ ಮುಂದೆಯೇ ಇಟ್ಟ. ದಲಿತರಿಗೆ ಆ ಬಾಗಿಲು ತೆರೆದದ್ದು 1947ರಲ್ಲಿ, ಸ್ವಾತಂತ್ರ್ಯ ಹೋರಾಟಗಾರ ಸಾನೆ ಗುರೂಜಿ ಉಪವಾಸ ಕೂತ ಮೇಲೆ. 600 ವರ್ಷ! ಅದರ ಮುಂದೆ ನಮ್ಮ ಕೋರ್ಟು ಎಕ್ಸ್‌ಪ್ರೆಸ್ ಗಾಡಿ.

ಇಷ್ಟು ಜನ ಕೇಳಿದರಲ್ಲ, ಒಬ್ಬರಾದರೂ "ಏನಂತ ಬೈದೆ?" ಅಂತ ಕೇಳಲಿಲ್ಲ. ನಾನೇ ಹೇಳುತ್ತೇನೆ. "ಕೀಲಿ ಮೂವರ ಹತ್ತಿರ ಇತ್ತು, ನೀನೂ ನೋಡಿದ್ದೀ. ಮಾಲು ಯಾರು ಒಯ್ದರು ಅಂತ ನಿನಗೆ ಗೊತ್ತು. ಅಪ್ಪ ಏನು ಕೆಲಸ ಮಾಡ್ತಾರೆ ಅಂದರೆ ನನ್ನ ಮಗ ತಲೆ ತಗ್ಗಿಸ್ತಾನೆ. ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತದ್ದು ಸಾಕು, ಯಾರ ಬಾಯಿಂದಾದರೂ ಸಾಕ್ಷಿ ಹೇಳಿಸು."

ಇಷ್ಟೇ. ಇದರಲ್ಲಿ ಬೈಗುಳ ಎಲ್ಲಿದೆ, ತೋರಿಸಿ. ಸಾಕ್ಷಿ ಇನ್ನೂ ಬಂದಿಲ್ಲ. ಮುಂದಿನ ತಾರೀಖು ದೀಪಾವಳಿ ಕಳೆದ ಮೇಲೆ. ವಕೀಲರ ಫೀಸು ಮಾತ್ರ ಮೊದಲೇ ಕೊಡಬೇಕಂತೆ.