ಹತ್ತು ವ್ಯಾಟಿನಲ್ಲಿ ಕಂಡ ಡ್ಯಾಮ್

ಗಂಗಾವತಿಯಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಅಕ್ಕಿ ಮಿಲ್ಲಿನ ಮೋಟರ್, ಹೊಲದ ಪಂಪು, ಮಿಕ್ಸಿ, ಇವೇ ನಮ್ಮ ಹೊಟ್ಟೆಪಾಡು. ಹೋದ ಬೇಸಿಗೆಯಲ್ಲಿ ಮಾತ್ರ ಒಂದು ತಿಂಗಳು ಬೆಂಚಿನ ಮೇಲೆ ದೊಡ್ಡಪ್ಪನ ಸಿನಿಮಾ ಪ್ರೊಜೆಕ್ಟರ್ ಕೂತಿತ್ತು. ಬಂದ ಗಿರಾಕಿಗಳೆಲ್ಲ "ಇದೇನ್ರಿ, ಹೊಲಿಗಿ ಮಷೀನಾ?" ಅಂತ ಕೇಳೋರು.

ದೊಡ್ಡಪ್ಪ ಕೊಪ್ಪಳದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದರು. ಪ್ರೊಜೆಕ್ಟರ್ ವಿಯೆನ್ನಾದ ಯೂಮಿಗ್ ಕಂಪನಿಯ ಪಿ8. 8 ಮಿ.ಮೀ. ಫಿಲ್ಮಿನದು, ಮಾತಿಲ್ಲ, ಹಾಡಿಲ್ಲ. ಜತೆಗೆ ಬಿಸ್ಕತ್ ಡಬ್ಬಿಯಲ್ಲಿ ಏಳು ರೀಲು. ಎರಡು ರೀಲಿನ ಡಬ್ಬಿ ತೆಗೆದ ಕೂಡಲೇ ವಿನೆಗರ್ ವಾಸನೆ ಮೂಗಿಗೆ ಹೊಡೆಯಿತು. ಅಸಿಟೇಟ್ ಫಿಲ್ಮ್ ಕೆಡೋದು ಹಾಗೇ. ಅವನ್ನು ಬೇರೆ ಇಟ್ಟೆ. ಉಳಿದವುಗಳಲ್ಲಿ ಒಂದರ ಮೇಲೆ ದೊಡ್ಡಪ್ಪನ ಕೈಬರಹದಲ್ಲಿ "ಡ್ಯಾಮ್" ಅಂತ ಇತ್ತು, ಅಷ್ಟೇ.

ನಮ್ಮ ದೊಡ್ಡವ್ವನಿಗೆ ಬೇಕಾಗಿದ್ದೂ ಅದೇ ರೀಲು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋಯಿತಲ್ಲ, ಆಗಿನಿಂದ ಒಂದೇ ಹಟ. "ನಿಮ್ಮ ದೊಡ್ಡಪ್ಪ ಆ ಗೇಟು ಎಲ್ಲಾ ಪಿಚ್ಚರ್ ತಗದಾರ. ನಾನೂ ಸಂಗಾಟ ಹೋಗಿದ್ದೆ. ಒಮ್ಮೆ ತೋರಸಪಾ."

ತೋರಿಸಿದೆ. ಗೋಡೆಗೆ ಪಂಚೆ ಕಟ್ಟಿ, ನಾಲ್ಕು ಅಡಿ ಅಗಲದ ಚಿತ್ರ ಬಿಟ್ಟೆ. ಬಲ್ಬ್ ಹತ್ತಿತೇನೋ ಹೌದು. ಆದರೆ ಗಾಜೊಳಗೆ ತಂತಿಯ ಟಂಗ್‌ಸ್ಟನ್ ಕೂತು ಕರಿ ಹಿಡಿದಿತ್ತು. ಪಂಚೆ ಮೇಲೆ ಚಹಾದ ಬಣ್ಣದ ಮಂಜು. "ಏನೂ ಕಾಣವಲ್ದಲ್ಲೋ" ಅಂದಳು ದೊಡ್ಡವ್ವ. ಒಂದು ಕಡೆ ಫಿಲ್ಮ್ ಸಿಕ್ಕಿಕೊಂಡಿತು. ನಾನು ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ಚಿತ್ರದ ನಡುವೆ ಕಂದು ಗುಳ್ಳೆ ಎದ್ದು, ದೋಸೆ ಹೆಂಚಿನ ಮೇಲೆ ತೂತು ಬೀಳುತ್ತದಲ್ಲ, ಹಾಗೆ ಬಿಚ್ಚಿಕೊಂಡಿತು. ಒಂದು ಫ್ರೇಮ್ ಹೋಯಿತು. ದೊಡ್ಡವ್ವ ಏನೂ ಅನ್ನಲಿಲ್ಲ. ನನಗೇ ಹೊಟ್ಟೆ ಉರಿಯಿತು.

ಹಳೆ ಬಲ್ಬು 12 ವೋಲ್ಟ್, 100 ವ್ಯಾಟ್. ಅದರಲ್ಲಿ ಬಹುಪಾಲು ಬಿಸಿಯಾಗಿಯೇ ಹೋಗುತ್ತದೆ, ಬೆಳಕಾಗೋದು ಸ್ವಲ್ಪ. ಅಂಥದ್ದೇ ಇನ್ನೊಂದು ಆನ್‌ಲೈನಲ್ಲಿ ತರಿಸಿದೆ. ಬುಡವೇ ಬೇರೆ, ಹೋಲ್ಡರಿಗೆ ಕೂಡಲಿಲ್ಲ, ದುಡ್ಡೂ ವಾಪಸ್ ಬರಲಿಲ್ಲ. ಬಂದಿದ್ದರೂ ನಮ್ಮೂರ ಕರೆಂಟಿಗೆ ಎಷ್ಟು ದಿನ ಬಾಳುತ್ತಿತ್ತೋ. ಇಂಥ ಬಲ್ಬಿಗೆ ವೋಲ್ಟೇಜ್ ಐದು ಪರ್ಸೆಂಟ್ ಏರಿದರೆ ಸಾಕು, ಆಯುಸ್ಸು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ರಾತ್ರಿ ಹೊತ್ತು ನನ್ನ ಅಂಗಡಿಯ ಮೀಟರ್ 250 ತೋರಿಸುವುದು ಹೊಸದೇನಲ್ಲ.

ಎಲ್‌ಇಡಿ ಹಾಕೋಣ ಅಂದುಕೊಂಡೆ. ಇಲ್ಲೇ ನಾನು ದಡ್ಡತನ ಮಾಡಿದ್ದು. ಫ್ಲಡ್‌ಲೈಟಿನಿಂದ 100 ವ್ಯಾಟಿನ ಚಿಪ್ ಬಿಚ್ಚಿದೆ. ನಮ್ಮ ತಲೆಯಲ್ಲಿ ಲೆಕ್ಕ ಸೀದಾ: 100 ವ್ಯಾಟ್ ಬಲ್ಬೇ ಇಷ್ಟು ಕೊಟ್ಟರೆ, 100 ವ್ಯಾಟ್ ಎಲ್‌ಇಡಿ ಮದುವೆ ಪೆಂಡಾಲ್ ಬೆಳಗಬೇಕು! ಹಚ್ಚಿದೆ. ಪ್ರೊಜೆಕ್ಟರಿನ ಸಂದಿ ಸಂದಿಯಿಂದ ಬೆಳಕು ಚೆಲ್ಲಿ ಅಂಗಡಿಯೆಲ್ಲ ಹಗಲಾಯಿತು. ಪಂಚೆ ಮೇಲೆ? ಹಳೆ ಬಲ್ಬೇ ವಾಸಿ.

ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ವರ್ನಿಯರ್ ಹಿಡಿದು ಅಳೆದಾಗ ಗೊತ್ತಾಯಿತು. ಫಿಲ್ಮ್ ನಿಂತು ಬೆಳಕು ಹಾಯುವ ಕಿಂಡಿಗೂ ಗೇಟ್ ಅಂತಲೇ ಹೆಸರು. ಅದರ ಅಗಲ ಸುಮಾರು 4.5 ಮಿ.ಮೀ., ಎತ್ತರ 3.3. ತೊಗರಿಬೇಳೆಗಿಂತ ಒಂಚೂರು ಸಣ್ಣದು. ನನ್ನ ಚಿಪ್ಪಿನಲ್ಲಿ ಹೊಳೆಯುವ ಭಾಗ ಎರಡು ಸೆಂ.ಮೀ. ಚೌಕ. ಅಷ್ಟಗಲದ ಬೆಳಕನ್ನು ಯಾವ ಲೆನ್ಸೂ ಹಿಂಡಿ ಆ ಬೇಳೆಯೊಳಗೆ ತುಂಬಲಾರದು. ಬಾಟಲಿ ಬಾಯಿಗೆ ಕೊಡದಿಂದ ನೀರು ಸುರಿದಂತೆ. ಕೊಡ ದೊಡ್ಡದಾದರೆ ಬಾಟಲಿ ಬೇಗ ತುಂಬುತ್ತದಾ? ನೆಲ ಒದ್ದೆಯಾಗುತ್ತದೆ, ಅಷ್ಟೇ. ಹಳೆ ಬಲ್ಬಿನ ತಂತಿ ಸುರುಳಿ ನೋಡಿ, ಎಷ್ಟು ಸಣ್ಣ ಜಾಗದಲ್ಲಿ ಒತ್ತೊತ್ತಾಗಿ ಸುತ್ತಿದ್ದಾರೆ! ಜೀವನಪೂರ್ತಿ ಕಾಯಿಲ್ ಸುತ್ತುವ ನನಗೇ ಅದು ಹೊಳೆದಿರಲಿಲ್ಲ ನೋಡಿ.

ಹಾಗಾಗಿ ಉಲ್ಟಾ ಹೋದೆ. ರಾತ್ರಿ ಗದ್ದೆಗೆ ನೀರು ಬಿಡಲು ಹೋಗುವವರು ಹಿಡಿಯುವ ದೊಡ್ಡ ಟಾರ್ಚಿನ ಎಲ್‌ಇಡಿ. ಹೊಳೆಯುವ ಚುಕ್ಕೆ 2 ಮಿ.ಮೀ. ಚೌಕ, ಅಷ್ಟೇ. 3 ಆಂಪಿಯರ್ ಬಿಟ್ಟರೆ ಸುಮಾರು 10 ವ್ಯಾಟ್. ಹಳೆ ಬಲ್ಬಿನ ತಂತಿ ಎಲ್ಲಿತ್ತೋ ಸರಿಯಾಗಿ ಅಲ್ಲೇ ಆ ಚುಕ್ಕೆ ಬರುವಂತೆ ಅಲ್ಯೂಮಿನಿಯಂ ತುಂಡಿಗೆ ಅಂಟಿಸಿದೆ. ಒಂದು ಮಿ.ಮೀ. ಅತ್ತಿತ್ತ ಆದರೂ ಚಿತ್ರದ ಮೂಲೆ ಕಪ್ಪಾಗುತ್ತದೆ. ಒಂದು ಮಧ್ಯಾಹ್ನ ಪೂರ್ತಿ ಅದಕ್ಕೇ ಹೋಯಿತು.

ಈ ಸಲ ಬೆಳಕು ಬಂತು. ಜತೆಗೆ ಇನ್ನೊಂದು ಪೀಡೆಯೂ ಬಂತು. ಚಿತ್ರ ಎದೆ ಬಡಿದಂತೆ ಮಿಡಿಯುತ್ತಿತ್ತು, ಸೆಕೆಂಡಿಗೆ ನಾಲ್ಕು ಸಲ. ಲೆಕ್ಕ ಹಾಕಿದೆ. ಫಿಲ್ಮ್ ಓಡೋದು ಸೆಕೆಂಡಿಗೆ 16 ಫ್ರೇಮ್. ಮುಂದೆ ತಿರುಗುವ ಶಟರಿಗೆ ಮೂರು ರೆಕ್ಕೆ, ಅಂದರೆ 48 ಸಲ ಬೆಳಕು ಕಡಿಯುತ್ತದೆ. ಅದರ ಎರಡರಷ್ಟು 96. ನಮ್ಮ ಕರೆಂಟು 50 ಸೈಕಲ್, ಡಯೋಡಿನ ಬ್ರಿಡ್ಜ್ ಹಾಕಿ ಡಿಸಿ, ಅಂದರೆ ಒಂದೇ ದಿಕ್ಕಿನ ಕರೆಂಟು, ಮಾಡಿದರೆ ಏರಿಳಿತ ಸೆಕೆಂಡಿಗೆ 100. ಶಟರ್ ಒಂದು ಸಲ ಕಡಿಯುವಷ್ಟರಲ್ಲಿ ಬೆಳಕು ಎರಡು ಸಲಕ್ಕಿಂತ ಚೂರು ಹೆಚ್ಚು ಏರಿಳಿಯುತ್ತದೆ. ನೂರಕ್ಕೂ ತೊಂಬತ್ತಾರಕ್ಕೂ ನಡುವೆ ಉಳಿದದ್ದೇ ಆ ನಾಲ್ಕು. ಕಾದ ತಂತಿ ಅಷ್ಟು ಬೇಗ ಆರೋದಿಲ್ಲ, ಅದಕ್ಕೇ ಹಳೆ ಬಲ್ಬಿನಲ್ಲಿ ಇದು ಕಾಣುತ್ತಿರಲಿಲ್ಲ. ಎಲ್‌ಇಡಿ ತಕ್ಷಣ ಏರಿ ತಕ್ಷಣ ಇಳಿಯುತ್ತದೆ. ಏರಿಳಿತ ಸಮ ಮಾಡಲು 4700 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು ಹಾಕಿದೆ, ಮುಂದೆ ಎಲ್‌ಇಡಿಗೆ ಒಂದೇ ಸಮ ಕರೆಂಟು ಕೊಡುವ ಕಾನ್ಸ್ಟಂಟ್ ಕರೆಂಟ್ ಡ್ರೈವರ್. ಮಿಡಿತ ನಿಂತಿತು. ಮಾಡುವವರಿದ್ದರೆ ಕೆಪಾಸಿಟರ್ 35 ವೋಲ್ಟಿನದೇ ಹಾಕಿ. 100 ವ್ಯಾಟಿನ ಲೋಡಿಗೆ ಮಾಡಿದ ಟ್ರಾನ್ಸ್‌ಫಾರ್ಮರಿಗೆ 10 ವ್ಯಾಟ್ ಕೊಟ್ಟರೆ ಅದರ ವೋಲ್ಟೇಜ್ ಏರಿ ಕೂರುತ್ತದೆ. ನನ್ನದರಲ್ಲಿ ಡಿಸಿ 18 ತೋರಿಸಿತು. ಎರಡು ಪಿನ್ನಿನ ಹಳೆ ವೈರ್ ಕಿತ್ತು ಅರ್ತ್ ಇರುವ ಮೂರು ಪಿನ್ ಹಾಕಿದೆ. ಲೋಹದ ಮೈ, ಸುಮ್ನೆ ಯಾಕೆ ಅಪಾಯ.

ಬಣ್ಣ ಇನ್ನೂ ಸರಿಯಿರಲಿಲ್ಲ. ಟಾರ್ಚಿನ ಎಲ್‌ಇಡಿ 6500 ಕೆಲ್ವಿನ್, ನೀಲಿ ಜಾಸ್ತಿ. ಮನುಷ್ಯರೆಲ್ಲ ಜ್ವರ ಬಂದವರ ಹಾಗೆ ಕಂಡರು. 4000 ಕೆಲ್ವಿನ್‌ದು ಹಾಕಿದ ಮೇಲೆ ಮೈಬಣ್ಣ ಮೈಬಣ್ಣವಾಯಿತು. ಆಮೇಲೆ ಲೆನ್ಸಿನ ಮೇಲಿನ ಐವತ್ತು ವರ್ಷದ ಜಿಡ್ಡು ಒರೆಸಿದೆ. ನಿಜ ಹೇಳಬೇಕೆಂದರೆ ಅದನ್ನೇ ಮೊದಲು ಮಾಡಬೇಕಿತ್ತು. ಚಿತ್ರವನ್ನೂ ನಾಲ್ಕು ಅಡಿಯಿಂದ ಎರಡು ಅಡಿಗೆ ಇಳಿಸಿದೆ. ಅಗಲ ಅರ್ಧವಾದರೆ ಬೆಳಕು ನಾಲ್ಕು ಪಟ್ಟು. ಪುಕ್ಕಟೆ.

ಮತ್ತೆ ದೊಡ್ಡವ್ವನನ್ನು ಕರೆದುಕೊಂಡು ಬಂದೆ. ಅಂಗಡಿ ಶಟರ್ ಇಳಿಸಿ, ಕುರ್ಚಿ ಹಾಕಿ, ರೀಲು ಏರಿಸಿದೆ. 50 ಅಡಿ ಫಿಲ್ಮು, ನಾಲ್ಕು ನಿಮಿಷದ ಆಟ. ಬಿಳಿ ನೀರು ಧುಮುಕುವುದು ನೊರೆಯ ಸಮೇತ ಕಂಡಿತು. ದೊಡ್ಡಪ್ಪ ಕ್ಯಾಮೆರಾ ಎಡದಿಂದ ಬಲಕ್ಕೆ ನಿಧಾನ ತಿರುಗಿಸಿದ್ದರು. ದೊಡ್ಡವ್ವ ಬೆರಳು ಮಡಚಿ ಎಣಿಸುತ್ತಾ ಹೋದಳು. "ಹದಿನೇಳು... ಹದಿನೆಂಟು... ತಡಿ, ತಡಿ, ನಿಲ್ಲಸು!"

ಮೋಟರ್ ಆರಿಸಿ, ಶಟರಿನ ರೆಕ್ಕೆ ಅಡ್ಡ ಬರದ ಹಾಗೆ ಗುಬುಟು ಕೈಯಲ್ಲಿ ತಿರುಗಿಸಿ ನಿಲ್ಲಿಸಿದೆ. ಹಳೆ ಬಲ್ಬಿನಲ್ಲಿ ಹೀಗೆ ನಿಲ್ಲಿಸಿದ್ದರೆ ಮತ್ತೆ ದೋಸೆಯೇ. ಮೋಟರ್ ನಿಂತರೆ ಪ್ರೊಜೆಕ್ಟರಿನ ಫ್ಯಾನೂ ನಿಲ್ಲುತ್ತದೆ ಅಂತ ಎಲ್‌ಇಡಿಗೆ ಕಂಪ್ಯೂಟರಿನ ಸಣ್ಣ ಫ್ಯಾನ್ ಬೇರೆ ಇಟ್ಟಿದ್ದೆ. ಅದೊಂದೇ ಸದ್ದು. ಪಂಚೆ ಮೇಲೆ ಹತ್ತೊಂಬತ್ತನೇ ಗೇಟು.

"ಇದ ನೋಡು ಹೋಗಿದ್ದು" ಅಂದಳು.

ನನ್ನ ಮಗ ಸುಮ್ಮನಿರಬೇಕಲ್ಲ. "ಅಜ್ಜಿ, ನಂಬರ್ ಆ ಕಡಿಯಿಂದ ಸುರು ಆದ್ರ ಇದು ಹದಿನೈದು. ಒಟ್ಟು ಮೂವತ್ತಮೂರು ಅದಾವ." ಇಬ್ಬರಿಗೂ ಜಗಳ ಹತ್ತಿತು. ಎಲ್ಲಾ ಎಣಿಸಿ ನೋಡೋಣ ಅಂತ ಮತ್ತೆ ಓಡಿಸಿದೆ. ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡು. ಅಷ್ಟರಲ್ಲಿ ಕ್ಯಾಮೆರಾ ಥಟ್ಟನೆ ಈಚೆ ತಿರುಗಿತು. ಕೆಂಪು ಸೀರೆ, ಬಿಸಿಲಿಗೆ ಹಣೆ ಮೇಲೆ ಕೈ, ನಗು ತಡೆಯಲು ಬಾಯಿಗೆ ಸೆರಗು. ಕೊನೆಯವರೆಗೂ ಅದೇ.

"ಗೇಟು ತಗಿಯೋದು ಬಿಟ್ಟು ನನ್ನ ಯಾಕ ತಗದಾರ ಇವರು?" ಅಂತ ಬೈದಳು ದೊಡ್ಡವ್ವ. ಇನ್ನೂ ಹನ್ನೊಂದು ಗೇಟು ಬಾಕಿ ಇದ್ದವು.