ಸೇಬಿನ ಬ್ರಾಂಡಿ ಸೌರ್‌ನಲ್ಲಿ ಸೇಬು ಎಲ್ಲಿ ಹೋಯಿತು?

‘ಸೇಬಿನ ಬ್ರಾಂಡಿಯನ್ನೇ ಹಾಕಿದೆ. ಆದರೂ ಬರೀ ನಿಂಬೆ ಹುಳಿ, ಆಮೇಲೆ ಗಂಟಲು ಉರಿ. ಸೇಬು ಎಲ್ಲಿ ಹೋಯಿತು?’ ನಾನು ಮನೆಯಲ್ಲಿ ಕಾಕ್‌ಟೇಲ್ ಮಾಡುತ್ತೇನೆ ಅಂತ ಗೊತ್ತಿರುವವರು ಒಂದಲ್ಲ ಒಂದು ದಿನ ಇದನ್ನು ಕೇಳೇ ಕೇಳುತ್ತಾರೆ. ಅವರು ಮಾಡಿದ್ದು ಸೌರ್, ಅಂದರೆ ಮದ್ಯಕ್ಕೆ ನಿಂಬೆಯ ಹುಳಿ, ಒಂದಿಷ್ಟು ಸಿಹಿ ಸೇರಿಸಿ ಕುಲುಕುವ ಕಾಕ್‌ಟೇಲ್.

ಸೇಬಿನ ರಸವನ್ನು ಹುದುಗಿಸಿ ಬಟ್ಟಿ ಇಳಿಸಿದರೆ ಬ್ರಾಂಡಿ. ರಸದ ಸಕ್ಕರೆ ಹುದುಗುವಾಗಲೇ ಮದ್ಯವಾಗಿಬಿಡುತ್ತದೆ. ಹಣ್ಣಿನ ಹುಳಿ ಬಟ್ಟಿಯ ಪಾತ್ರೆಯಲ್ಲೇ ಉಳಿಯುತ್ತದೆ. ಬಾಟಲಿಗೆ ಬರುವುದು ಮದ್ಯ ಮತ್ತು ಘಮ. ಘಮ ಮೂಗಿಗೆ ಸಾಕು, ನಾಲಿಗೆಗೆ ಸಾಲದು ಅಲ್ವಾ? ಕಳೆದುಹೋದ ಸಿಹಿ, ಹುಳಿಗಳನ್ನು ನಾವೇ ವಾಪಸ್ ಕೊಡಬೇಕು.

ನಾನೂ ಮೊದಲು ಡಬ್ಬಿಯ ಸೇಬಿನ ಜ್ಯೂಸ್ ಸುರಿದು ನೋಡಿದೆ. ಗ್ಲಾಸು ತುಂಬಿತು, ರುಚಿ ತೆಳುವಾಯಿತು. ಜ್ಯೂಸಿನಲ್ಲಿ ಸಕ್ಕರೆ ಇರುವುದು ನೂರಕ್ಕೆ 10 ಪಾಲಿನಷ್ಟು, ಮಿಕ್ಕಿದ್ದು ಹೆಚ್ಚುಕಡಿಮೆ ನೀರೇ. ಆದ್ದರಿಂದ ಆ ನೀರನ್ನು ಓಡಿಸಬೇಕು. 200 ಮಿ.ಲೀ. ಜ್ಯೂಸನ್ನು ಸಣ್ಣ ಉರಿಯಲ್ಲಿ 50 ಮಿ.ಲೀ. ಆಗುವವರೆಗೆ ಕುದಿಸಿ. ಒಂದು ಚಮಚ ಸಕ್ಕರೆ ಹಾಕಿ ಕರಗಿಸಿ, ಒಲೆ ಆರಿಸಿ. ಕುದಿಸುವಾಗ ಘಮ ಸ್ವಲ್ಪ ಹಾರಿಹೋಗಿರುತ್ತದೆ. ಅದಕ್ಕೆ ಚೆನ್ನಾಗಿ ತೊಳೆದ ಒಂದು ಸೇಬಿನ ಸಿಪ್ಪೆಯನ್ನು ಬಿಸಿ ಪಾಕಕ್ಕೆ ಹಾಕಿ ಮುಚ್ಚಿಡಿ. ಘಮ ತಿರುಳಿಗಿಂತ ಸಿಪ್ಪೆಯಲ್ಲೇ ಜಾಸ್ತಿ. ಆರಿದ ಮೇಲೆ ಸೋಸಿ. ಇದು ಎರಡು ಗ್ಲಾಸಿಗೆ ಆಗುತ್ತದೆ. ಸೇಬಿನದೇ ಹುಳಿಯಾದ ಮ್ಯಾಲಿಕ್ ಆಮ್ಲ ಕೂಡ ಈ ಪಾಕದಲ್ಲಿ ಗಟ್ಟಿಯಾಗಿರುತ್ತದೆ. ಬರೀ ಸಕ್ಕರೆ ಪಾಕದಲ್ಲಿ ಇದು ಸಿಗುವುದಿಲ್ಲ.

ಒಂದು ಗ್ಲಾಸಿಗೆ ನನ್ನ ಅಳತೆ: ಬ್ರಾಂಡಿ 60 ಮಿ.ಲೀ., ಈ ಪಾಕ 25, ನಿಂಬೆ ರಸ 20. ನಿಂಬೆ ಆಗಷ್ಟೇ ಹಿಂಡಿದ್ದಾಗಿರಲಿ. ಬಾಟಲಿಯ ನಿಂಬೆ ರಸ ಬಳಸುವುದಾದರೆ ಇಷ್ಟೆಲ್ಲ ಪಾಕ ಕಾಸುವುದು ಸುಮ್ನೆ ದಂಡ. ಶೇಕರ್ ತುಂಬ ಐಸ್ ಹಾಕಿ 12ರಿಂದ 15 ಸೆಕೆಂಡು ಜೋರಾಗಿ ಕುಲುಕಿ. ಐಸ್ ಕರಗಿ ಸೇರುವ ನೀರೂ ಇದರ ಒಂದು ಪಾಲೇ. ಗಂಟಲು ಉರಿ ಅಂದವರು ಹೆಚ್ಚಾಗಿ ಇಲ್ಲೇ ಜಿಪುಣತನ ಮಾಡಿರುತ್ತಾರೆ. ಮೇಲೆ ನೊರೆ ಬೇಕಿದ್ದರೆ ಒಂದು ಮೊಟ್ಟೆಯ ಬಿಳಿ ಸೇರಿಸಿ, ಮೊದಲು ಐಸ್ ಇಲ್ಲದೆ ಕುಲುಕಿ, ಆಮೇಲೆ ಐಸ್ ಹಾಕಿ ಮತ್ತೊಮ್ಮೆ. ಹಸಿ ಮೊಟ್ಟೆ ಬೇಡ ಅನ್ನುವವರಿಗೆ ಕಾಬೂಲಿ ಕಡಲೆ ಬೇಯಿಸಿದ ಗಟ್ಟಿ ನೀರು 20 ಮಿ.ಲೀ. ಸಾಕು, ಅದೂ ಚೆನ್ನಾಗಿ ನೊರೆ ಕಟ್ಟುತ್ತದೆ.

ಯಾವ ಬ್ರಾಂಡಿ? ಫ್ರಾನ್ಸಿನ ನಾರ್ಮಂಡಿಯ ಕ್ಯಾಲ್ವಡೋಸ್ ಕನಿಷ್ಠ ಎರಡು ವರ್ಷ ಓಕ್ ಪೀಪಾಯಿಯಲ್ಲಿರಬೇಕು. ಹೆಚ್ಚು ವರ್ಷದ್ದು ಕುಡಿಯಲು ಸೊಗಸು, ಆದರೆ ಸೌರ್‌ಗೆ ಎಳೆಯದೇ ವಾಸಿ. ಹಳತಾದಷ್ಟೂ ಹಣ್ಣಿಗಿಂತ ಮರದ ರುಚಿ ಮುಂದೆ ಬರುತ್ತದೆ. ಅಮೆರಿಕದ ಸೇಬಿನ ಬ್ರಾಂಡಿಯಾದ ಆಪಲ್‌ಜಾಕ್ ಕೊಳ್ಳುವಾಗ ಮಾತ್ರ ಲೇಬಲ್ ಓದಿ. ‘ಬ್ಲೆಂಡೆಡ್’ (ಬೆರಕೆ) ಅಂತಿದ್ದರೆ ಅದರಲ್ಲಿ ಸೇಬಿನ ಬ್ರಾಂಡಿ ನೂರಕ್ಕೆ 20 ಪಾಲು ಇದ್ದರೂ ಅಲ್ಲಿನ ನಿಯಮಕ್ಕೆ ಸಾಕು. ಅಂಥ ಬಾಟಲಿಯಲ್ಲಿ ಸೇಬನ್ನು ಹುಡುಕಿ ಸಿಗದಿದ್ದರೆ ತಪ್ಪು ನಿಮ್ಮ ಕೈಯದಲ್ಲ.

ಪಾಕ ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ. ಮದ್ಯ ಮುಟ್ಟದವರು ಬಂದರೆ ಅದೇ ಪಾಕಕ್ಕೆ ನಿಂಬೆ, ಸೋಡಾ ಸೇರಿಸಿ ಕೊಡುತ್ತೇನೆ. ಎಷ್ಟೋ ಸಲ ಮೊದಲು ಖಾಲಿಯಾಗುವುದು ಆ ಗ್ಲಾಸೇ.