ಒಂದು ಹೋರಿ, ಒಂದು ಹಕ್ಕಿ

ನೆದರ್ಲೆಂಡ್ಸ್‌ನ ಹೇಗ್ ನಗರದ ಮೌರಿಟ್ಸ್‌ಹೌಸ್ ಮ್ಯೂಸಿಯಂಗೆ ಹೋದವರು ಮೊದಲು ಹುಡುಕುವುದು ಮುತ್ತಿನ ಓಲೆಯ ಹುಡುಗಿಯನ್ನೇ. ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ವರ್ಮೀರ್‌ನ ಆ ಚಿತ್ರ 1881ರಲ್ಲಿ ಅದೇ ಊರಿನ ಹರಾಜಿನಲ್ಲಿ ಬರೀ 2 ಗಿಲ್ಡರ್‌ಗೆ (ಆಗಿನ ಡಚ್ ನಾಣ್ಯ) ಹೋಗಿತ್ತಂತೆ. ಈ ಸಲ ಮಾತ್ರ ನಾನು ಹೋಗಿದ್ದು ಒಂದು ಹೋರಿಯನ್ನು ನೋಡಲು.

ಪೌಲುಸ್ ಪಾಟರ್ ಆ ಹೋರಿಯನ್ನು ಬರೆದದ್ದು 1647ರಲ್ಲಿ. ಇನ್ನೂ ಇಪ್ಪತ್ತೊಂದರ ಆಸುಪಾಸಿನ ಹುಡುಗ. ಚಿತ್ರದ ಅಗಲ ಮೂರು ಮೀಟರಿಗೂ ಜಾಸ್ತಿ. ಅಷ್ಟು ದೊಡ್ಡ ಕ್ಯಾನ್ವಾಸನ್ನು ಆಗ ಯುದ್ಧಕ್ಕೋ ದೇವರ ಕಥೆಗೋ ಬಳಸುತ್ತಿದ್ದರು, ದನಕ್ಕಲ್ಲ. ಮೊದಲು ಹೋರಿಯೊಂದೇ ಇತ್ತು. ಆಮೇಲೆ ಎರಡು ಪಕ್ಕಕ್ಕೂ ಮೇಲಕ್ಕೂ ಬಟ್ಟೆ ಸೇರಿಸಿ ದನಗಾಹಿ, ಹಸು, ಕುರಿಗಳಿಗೆ ಜಾಗ ಮಾಡಿದ. ಹತ್ತಿರ ಹೋದರೆ ಹಣೆಯ ಗುಂಗುರು ಕೂದಲು, ಬೆನ್ನ ಮೇಲಿನ ನೊಣ, ನೆಲದ ಸಗಣಿ, ಒಂದು ಕಪ್ಪೆ ಕೂಡ ಕಾಣುತ್ತವೆ. ನನ್ನ ಪಕ್ಕ ನಿಂತಿದ್ದ ಪುಟ್ಟ ಹುಡುಗ ನೊಣಗಳನ್ನು ಎಣಿಸುತ್ತಿದ್ದ. ನಾನೂ ಜೊತೆಗೆ ಎಣಿಸಿದೆ.

1795ರಲ್ಲಿ ಫ್ರೆಂಚ್ ಸೇನೆ ಈ ಹೋರಿಯನ್ನು ಪ್ಯಾರಿಸ್‌ಗೆ ಹೊತ್ತೊಯ್ಯಿತು. ವಾಪಸ್ ಬಂದದ್ದು ನೆಪೋಲಿಯನ್ ಸೋತ ಮೇಲೆ, 1815ರಲ್ಲಿ. ಈ ಮನೆ ಮ್ಯೂಸಿಯಂ ಆಗಿ ತೆರೆದದ್ದು 1822ರಲ್ಲಿ. ಮನೆ ಕಟ್ಟಿಸಿದ ಯೋಹಾನ್ ಮೌರಿಟ್ಸ್ ಡಚ್ ಬ್ರೆಜಿಲ್‌ನ ಗವರ್ನರ್ ಆಗಿದ್ದವನು. ಅಲ್ಲಿನ ಸಕ್ಕರೆ ಬಂದದ್ದು ಆಫ್ರಿಕಾದಿಂದ ಗುಲಾಮರಾಗಿ ತಂದ ಜನರ ದುಡಿಮೆಯಿಂದ. ಮ್ಯೂಸಿಯಂ ಈಗ ಇದನ್ನು ಮುಚ್ಚಿಡದೆ ಹೇಳುತ್ತದೆ. ಹೇಳಲೇಬೇಕು ಅಲ್ವಾ?

ಹೋರಿಯಿಂದ ಹೊರಟು ಕರೆಲ್ ಫಾಬ್ರಿಟಿಯಸ್ ಬರೆದ ಗೋಲ್ಡ್‌ಫಿಂಚ್ ಹಕ್ಕಿಯ ಚಿತ್ರದ ಹತ್ತಿರ ಬಂದೆ. ಎತ್ತರ 33.5 ಸೆಂಟಿಮೀಟರ್, ಅಷ್ಟೇ. ಬಿಳಿ ಸುಣ್ಣದ ಗೋಡೆ, ಕಾಳಿನ ಪೆಟ್ಟಿಗೆ, ಅದರ ಕಂಬಿಯ ಮೇಲೆ ಕಾಲಿಗೆ ಸರಪಳಿ ಕಟ್ಟಿದ ಹಕ್ಕಿ. ಡಚ್ಚರು ಇದನ್ನು ಕರೆಯುವ ಹೆಸರಿನಲ್ಲೇ ನೀರು ಸೇದುವ ಅರ್ಥ ಇದೆ. ಬೆರಳುಗವಸಿನಷ್ಟು ಪುಟ್ಟ ಬಕೆಟ್ಟಿನಿಂದ ತನ್ನ ನೀರು ತಾನೇ ಎತ್ತಿಕೊಳ್ಳುವಂತೆ ಇಂಥ ಹಕ್ಕಿಗಳನ್ನು ಪಳಗಿಸುತ್ತಿದ್ದರು. ದೂರದಿಂದ ಗರಿ ಗರಿಯಾಗಿ ಕಾಣುವ ಹಕ್ಕಿ ಹತ್ತಿರ ಹೋದರೆ ನಾಲ್ಕಾರು ದಪ್ಪ ಬಣ್ಣದ ಎಳೆತಗಳು. ರೆಕ್ಕೆಯ ಹಳದಿ ಒಂದೇ ಸಲ ಕುಂಚ ಎಳೆದ ಹಾಗಿದೆ. ಪಾಟರ್ ಒಂದೊಂದು ಕೂದಲನ್ನೂ ಬರೆದ. ಇವನು ಬಿಟ್ಟುಬಿಟ್ಟ. ನನಗೆ ಇವನೇ ಜಾಸ್ತಿ ಇಷ್ಟವಾದ.

ಪಾಟರ್ 1654ರ ಜನವರಿಯಲ್ಲಿ ತೀರಿಕೊಂಡ. ಆಗ 28 ವರ್ಷ. ಅದೇ ವರ್ಷ ಅಕ್ಟೋಬರ್ 12ರಂದು ಡೆಲ್ಫ್ಟ್ ಊರಿನ ಸಿಡಿಮದ್ದಿನ ಉಗ್ರಾಣ ಸಿಡಿಯಿತು. ಊರಿನ ಒಂದು ಭಾಗವೇ ನೆಲಸಮ. ಫಾಬ್ರಿಟಿಯಸ್ ತನ್ನ ಮನೆಯ ಅವಶೇಷದಡಿ ಸಿಕ್ಕಿ ಸತ್ತ. ಅವನಿಗೆ 32. ಅವನ ಚಿತ್ರಗಳಲ್ಲಿ ಇವತ್ತು ಉಳಿದಿರುವುದು ಹನ್ನೆರಡರ ಆಸುಪಾಸು.

ಹೊರಡುವ ಮುಂಚೆ ಹಕ್ಕಿಯ ಕೆಳಗಿನ ಗೋಡೆಯನ್ನು ಇನ್ನೊಮ್ಮೆ ನೋಡಿದೆ. ಅಲ್ಲಿ ಅವನ ಹೆಸರಿದೆ. ಪಕ್ಕದಲ್ಲೇ 1654.